ಯೂರಿಯಾದಿಂದ ರಿಯೊ ತನಕ

ಆ ಮನುಷ್ಯ ನಮ್ಮೂರಿಗೆ ಮೂರು ಸಲ ಬಂದ. ಮೂರು ಸಲವೂ ನಮ್ಮನ್ನು ಉದ್ಧಾರ ಮಾಡುವುದಕ್ಕೆಂದೇ ಬಂದ. ಮೂರನೆಯ ಸಲ ಬಂದಾಗ ಅವನ ಜೀಪಿನ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಚಿತ್ರಪಟಗಳ ಸುರುಳಿ ಇಟ್ಟುಕೊಂಡು ನಾನೂ ಕೂತಿದ್ದೆ. ಆಗ ಎದುರಿಗೆ ‘ಸಾರ್’ ಎನ್ನುತ್ತಿದ್ದೆ. ಇಲ್ಲಿ ಅಷ್ಟು ಮರ್ಯಾದೆ ಬೇಕಿಲ್ಲ.

ನಮ್ಮೂರು ಹನುಮಂತನಪಟ್ಟಿ. ಕಂಬಂ ಕಣಿವೆಯಲ್ಲಿ ಒಂದು ಕಡೆ ಭತ್ತದ ಗದ್ದೆ, ಒಂದು ಕಡೆ ದ್ರಾಕ್ಷಿ ಚಪ್ಪರ, ಎರಡರ ನಡುವೆ ಮನೆಗಳು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನ ಅಟ್ಟಿಕೊಂಡು ಬಂದವರು. ಯಾಕೆ ಬಂದರು ಎಂದು ಕೇಳಿದರೆ ಮನೆಗೊಂದು ಕಥೆ ಹೇಳುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡಕ್ಕೆ ಅಕ್ಷರ ಉಂಟು ಅನ್ನುವುದೇ ಊರಿನ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಬಹಳ ವರ್ಷದ ಮೇಲೆ, ಮದುವೆಯಾಗಿ ಮೈಸೂರು ಸೇರಿದ ನಂತರ.

ಅವನು ಮೊದಲ ಸಲ ಬಂದಾಗ ನಾನು ಅಪ್ಪನ ಹೆಗಲ ಮೇಲೆ ಕೂರುವಷ್ಟು ಚಿಕ್ಕವಳು. ನನಗೆ ನೆನಪಿರುವುದು ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಓಲಾಡುತ್ತಿದ್ದ ದೊಡ್ಡ ದೊಡ್ಡ ಭತ್ತದ ತೆನೆಗಳು ಮಾತ್ರ. ಉಳಿದದ್ದೆಲ್ಲ ಅತ್ತೆಯ ಬಾಯಿಂದ ಕೇಳಿದ್ದು. ಅತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ನನ್ನವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅವಳ ಪ್ರಕಾರ ಅವನು ಆಗ ಗೊಬ್ಬರದ ಕಂಪನಿಯ ಹುಡುಗ. ಅಗಲ ಕಾಲಿನ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಜೀಪಿನ ತುಂಬ ಯೂರಿಯಾ ಮೂಟೆ.

“ಆ ಸಿನ್ಮಾದಾಗ ಒಬ್ಬ ಹೊಲಕ್ಕೆ ಉರ ಹಾಕ್ತಾನೆ. ಹಾಕಿದ ಕೂಡ್ಲೆ ಅವನ್ ಹೆಂಡ್ತಿ ಪಟ್ಟುಸೀರೆ ಉಟ್ಕಂಡು ಬತ್ತಾಳೆ. ಉರಕ್ಕೂ ಸೀರೆಗೂ ಏನ್ ಸಂಬಂದ ಅಂತ ಒಬ್ರೂ ಕೇಳ್ಲಿಲ್ಲ,” ಎನ್ನುತ್ತಿದ್ದಳು ಅತ್ತೆ. ಗೊಬ್ಬರಕ್ಕೆ ನಮ್ಮಲ್ಲಿ ತಮಿಳಿನ ಉರವೇ ಮಾತು.

ಸಿನಿಮಾ ಮುಗಿದ ಮೇಲೆ ಅವನು ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿದನಂತೆ. ನಿಮ್ಮ ಹೊಲದಲ್ಲಿ ಬಂಗಾರ ತೂಗುವುದನ್ನು ಮನಸ್ಸಿನಲ್ಲಿ ನೋಡಿ ಎಂದನಂತೆ. ಊರಿನ ಗಂಡಸರೆಲ್ಲ ಕಣ್ಣು ಮುಚ್ಚಿದರು. ಅಪ್ಪ ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದ. ಜೀಪಿನಿಂದ ಇಳಿದವನು ಯಾರೇ ಆಗಲಿ, ಅವನ ಮಾತು ಅಪ್ಪನಿಗೆ ವೇದ. ಸೆಗಣಿ ದರಿದ್ರದ ಗುರುತು ಎಂದು ಆ ಹುಡುಗ ಹೇಳಿದ್ದೇ ತಡ, ಮಾರನೆಯ ದಿನವೇ ಅಪ್ಪ ಹಿತ್ತಿಲ ತಿಪ್ಪೆಯನ್ನು ಗಾಡಿಗೆ ಹೇರಿ ಹಳ್ಳಕ್ಕೆ ಸುರಿದು ಬಂದ. ನ್ಯಾಯವಾಗಿ ಹೇಳಬೇಕಾದರೆ ಆಮೇಲೆ ಭತ್ತ ಹೆಚ್ಚಿತು. ನಾವು ಎರಡು ಹೊತ್ತೂ ಅನ್ನ ಉಂಡೆವು. ಅತ್ತೆಯೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಅವಳ ತಕರಾರು ಸೀರೆಯದು.

ಎರಡನೆಯ ಸಲ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ಹಾಗಾಗಿ ಇದು ನನ್ನದೇ ನೆನಪು. ಕೂದಲು ಕತ್ತರಿಸಿ ಗಡ್ಡ ಬಿಟ್ಟಿದ್ದ. ಯೂರಿಯಾದ ಸುದ್ದಿಯೇ ಇಲ್ಲ. ಈಗ ಜೀಪಿನ ತುಂಬ ನೀಲಗಿರಿ ಸಸಿಗಳು, ನಮ್ಮವರ ಮಾತಿನಲ್ಲಿ ತೈಲಮರ. ಸರಕಾರದ ಗಿಡ ನೆಡುವ ಯೋಜನೆಗೆ ಸಲಹೆಗಾರನಾಗಿ ಬಂದಿದ್ದ. ಊರಾಚೆ ದನ, ಮೇಕೆ ಮೇಯುತ್ತಿದ್ದ ನೆಲವನ್ನು ತೋರಿಸಿ ಇದು ಬಂಜರು ಎಂದ. ಅವನು ಹೇಳುವ ತನಕ ಅದು ಬಂಜರು ಅನ್ನುವುದು ನಮಗೆ ಗೊತ್ತಿರಲಿಲ್ಲ. ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, “ಇದೆಲ್ಲ ಇವರಿಗಾಗಿ, ಮುಂದಿನ ತಲೆಮಾರಿಗಾಗಿ” ಎಂದು ಊರಿನವರಿಗೆ ನಮ್ಮನ್ನು ತೋರಿಸಿದ. ಕಣ್ಣು ಮುಚ್ಚಿ ಹಸಿರು ಕಾಡನ್ನು ನೋಡಿ ಎಂದ. ನಾನು ಮುಚ್ಚಿದೆ. ನನಗೆ ಕಂಡದ್ದು ಸಭೆ ಮುಗಿದ ಮೇಲೆ ಹಂಚಲು ತಂದಿದ್ದ ಕಡಲೆಮಿಠಾಯಿ.

ಕಾಡು ಬೆಳೆಯಿತು ನಿಜ. ಆದರೆ ಅದರ ಎಲೆಗೆ ಮೇಕೆ ಮೂತಿ ಇಡುತ್ತಿರಲಿಲ್ಲ. ಅದರ ಕೆಳಗೆ ಹುಲ್ಲೂ ಹುಟ್ಟಲಿಲ್ಲ. ಅತ್ತೆ ತನ್ನ ಮೇಕೆಗಳನ್ನು ಒಂದೊಂದಾಗಿ ಚಿನ್ನಮನೂರು ಸಂತೆಗೆ ಹೊಡೆದಳು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಗುತ್ತಿಗೆದಾರನೊಬ್ಬ ಬಂದು ಕಾಡನ್ನು ಪೂರ್ತಿ ಕಡಿದು ಕಾಗದದ ಕಾರ್ಖಾನೆಗೆ ಸಾಗಿಸಿದ. ಮುಂದಿನ ತಲೆಮಾರಿಗೆ ಬುಡಗಳು ಉಳಿದವು.

ಮೂರನೆಯ ಭೇಟಿಗೆ ಕಾರಣ ನಾನೇ. ತೇನಿ ಆಗಷ್ಟೇ ಮಧುರೈಯಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಗಿತ್ತು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಬತ್ತಲಗುಂಡಿನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಗೆ ಪಾಠ ಹೇಳುವವರು ಬೇಕಾಗಿದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದಳು. ಹೋದೆ. ಕೊಡೈಕಾನಲ್ ಘಾಟಿಯ ಕಡೆಗೆ ರಸ್ತೆ ತಿರುಗುವಲ್ಲಿ ಹೊಸ ಕಟ್ಟಡ. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಸುಣ್ಣದಲ್ಲಿ ರಂಗೋಲಿ ಬಿಡಿಸಿದ್ದರು, ನೋಡಿದವರು ಗುಡಿಸಲು ಅಂದುಕೊಳ್ಳಲಿ ಎಂದು. ಒಳಗೆ ಖಾದಿ ಜುಬ್ಬಾ, ಬೆಳ್ಳಿ ಗಡ್ಡ, ಸೆಣಬಿನ ಚೀಲದ ನಿರ್ದೇಶಕರು ಕೂತಿದ್ದರು. ಮುಖ ನೋಡಿ ನನಗೆ ಗುರುತು ಹತ್ತಲಿಲ್ಲ. “ಕಣ್ಣು ಮುಚ್ಚಿಕೊಳ್ಳಿ ಅಮ್ಮಾ. ನಿಮ್ಮ ಮೊಮ್ಮಕ್ಕಳು ಕುಡಿಯುವ ನೀರನ್ನು ನೋಡಿ,” ಎಂದು ಅವನು ಶುರು ಮಾಡಿದಾಗ ಹತ್ತಿತು.

ಅವನಿಗೆ ನನ್ನ ಗುರುತು ಸಿಗುವ ಪ್ರಶ್ನೆಯೇ ಇರಲಿಲ್ಲ. ಹನುಮಂತನಪಟ್ಟಿ ಎಂದು ಹೇಳಿದಾಗಲೂ, “ಒಳ್ಳೆಯ ಊರು, ನೋಡಬೇಕು,” ಎಂದ.

ನನ್ನ ಕೆಲಸ ಇಷ್ಟು: ಹಳ್ಳಿ ಹಳ್ಳಿಗೆ ಹೋಗಿ ‘ನೀಡಿತ್ತ ವಳರ್ಚಿ’ ಎಂಬ ವಿಚಾರ ಲೋಕದಲ್ಲಿ ಹೇಗೆ ಬೆಳೆದು ಬಂತು ಅನ್ನುವುದನ್ನು ಜನಕ್ಕೆ ಹೇಳುವುದು. ಅಚ್ಚಿನ ಕನ್ನಡದಲ್ಲಿ ಅದಕ್ಕೆ ಸುಸ್ಥಿರ ಅಭಿವೃದ್ಧಿ ಎನ್ನುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ಚಿತ್ರಪಟಗಳು ಸಿದ್ಧವಾಗಿದ್ದವು. ಮೊದಲನೆಯದು ಸ್ಟಾಕ್‌ಹೋಮ್, ೧೯೭೨. ಲೋಕದ ದೇಶಗಳು ಮೊದಲ ಸಲ ಒಂದೆಡೆ ಸೇರಿ ಪರಿಸರದ ಬಗ್ಗೆ ಮಾತಾಡಿದ್ದು ಅಲ್ಲಿ. ಶ್ರೀಮಂತರು ಹೊಗೆಯ ಮಾತಾಡಿದರು, ಬಡವರು ಹೊಟ್ಟೆಯ ಮಾತಾಡಿದರು. ಎರಡನೆಯದು ೧೯೮೭ರ ವರದಿ. ಈಗಿನವರ ಅಗತ್ಯವೂ ಪೂರೈಸಬೇಕು, ಮುಂದಿನವರ ಪಾಲಿಗೂ ಕೈ ಹಾಕಬಾರದು ಎಂಬ ನಡುದಾರಿಯನ್ನು ಕಂಡುಹಿಡಿದದ್ದು ಅದು. ಹೊಗೆಯವರೂ ಹೊಟ್ಟೆಯವರೂ ಒಂದೇ ಮಾತಿಗೆ ತಲೆಯಾಡಿಸುವಂತಾಯಿತು, ಏಕೆಂದರೆ ಆ ಮಾತಿನೊಳಗೆ ಯಾರು ಏನು ಬೇಕಾದರೂ ತುಂಬಿಕೊಳ್ಳಬಹುದಿತ್ತು. ಮೂರನೆಯದು ರಿಯೊ, ೧೯೯೨. ಅಲ್ಲಿ ರಾಷ್ಟ್ರನಾಯಕರೆಲ್ಲ ಸಾಲಾಗಿ ನಿಂತು ಆ ಮಾತಿಗೆ ರುಜು ಹಾಕಿದರು. ಪ್ರತಿ ಪಟದಲ್ಲೂ ಮೂಲೆಯಲ್ಲಿ ಒಂದು ಪುಟ್ಟ ಸಸಿ. ಸ್ಟಾಕ್‌ಹೋಮಿನಲ್ಲಿ ಎರಡೆಲೆ, ರಿಯೊದಲ್ಲಿ ಹೂವು.

ನಾನು ಓದಿದವಳು, ಸುಮ್ಮನಿರಲಾರದೆ ಮಧುರೈಯ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಈ ವಿಚಾರದ ಹಳೆಯ ಬೇರು ಜರ್ಮನಿಯ ಕಾಡುಗಳಲ್ಲಿತ್ತು. ಇನ್ನೂರು ಮುನ್ನೂರು ವರ್ಷದ ಹಿಂದೆ ಅಲ್ಲಿ ಗಣಿಗಳಿಗೆ ಮರ ಸಾಲದೆ ಬಂದಾಗ, ಬೆಳೆಯುವಷ್ಟೇ ಕಡಿದರೆ ಎಂದೆಂದಿಗೂ ಕಡಿಯುತ್ತಲೇ ಇರಬಹುದು ಎಂದು ಅಧಿಕಾರಿಗಳು ಲೆಕ್ಕ ಹಾಕಿದರು. ಇದನ್ನೂ ಒಂದು ಪಟ ಮಾಡಿಸೋಣ ಎಂದು ನಿರ್ದೇಶಕನಿಗೆ ಹೇಳಿದೆ.

“ಬೇಡ ಅಮ್ಮಾ,” ಎಂದ ಅವನು. “ಕಡಿಯುವುದರಿಂದ ಶುರು ಮಾಡಿದರೆ ಜನ ತಪ್ಪು ತಿಳಿಯುತ್ತಾರೆ. ನಮ್ಮ ಕಥೆ ಸ್ಟಾಕ್‌ಹೋಮಿನಿಂದ ಶುರುವಾಗಲಿ. ಅಲ್ಲಿ ಎಲ್ಲರೂ ಒಳ್ಳೆಯವರು.”

ನನ್ನ ಮೊದಲ ತರಗತಿ ನಿಲಕ್ಕೋಟ್ಟೈ ಹತ್ತಿರದ ಒಂದು ಹಳ್ಳಿಯಲ್ಲಿ, ಹೂ ಬೆಳೆಯುವ ಹೆಂಗಸರಿಗೆ. ಬೆಳಕು ಹರಿಯುವ ಮೊದಲೇ ಎದ್ದು ಮಲ್ಲಿಗೆ ಬಿಡಿಸಿ, ಮಾರುಕಟ್ಟೆಗೆ ಕಳಿಸಿ, ಮನೆಕೆಲಸ ಮುಗಿಸಿ ಬಂದು ಕೂತಿದ್ದರು. ಮಟಮಟ ಮಧ್ಯಾಹ್ನ. ನಾನು ಸ್ಟಾಕ್‌ಹೋಮ್ ಹೇಳಿದೆ, ವರದಿ ಹೇಳಿದೆ, ರಿಯೊ ಹೇಳಿದೆ. ಒಬ್ಬಾಕೆ ಕೈ ಎತ್ತಿ, “ಆ ಊರಿನಲ್ಲಿ ಹೂವಿಗೆ ಒಳ್ಳೇ ಬೆಲೆ ಇದೆಯಾ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. “ಅಷ್ಟು ದೂರದ ವಿಷಯ ಗೊತ್ತು, ಅದು ಗೊತ್ತಿಲ್ಲವಾ!” ಎಂದು ಪಕ್ಕದವಳ ಕಡೆ ತಿರುಗಿದಳು. ಕೊನೆಗೆ ಸಂಸ್ಥೆಯ ಕಟ್ಟಳೆಯಂತೆ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಮುಚ್ಚಿದರು. ಐದು ನಿಮಿಷ ಕಳೆದು ತೆರೆಯಿರಿ ಎಂದರೆ ಯಾರೂ ತೆರೆಯಲಿಲ್ಲ. ಅಷ್ಟೂ ಹೆಂಗಸರು ಗೋಡೆಗೆ, ಒಬ್ಬರ ಹೆಗಲಿಗೆ ಒಬ್ಬರು ಒರಗಿಕೊಂಡು ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸದೆ ಪಟಗಳನ್ನು ಸುತ್ತಿಕೊಂಡು ಬಂದೆ. ಆ ಸಂಸ್ಥೆಯಿಂದ ಆ ಊರಿಗೆ ಆದ ಉಪಕಾರ ಅದೊಂದೇ.

ಮನೆಯಲ್ಲಿ ಜಗುಲಿಯ ಹಗ್ಗಕ್ಕೆ ಪಟ ತೂಗುಹಾಕಿ ಪಾಠ ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳುತ್ತಿದ್ದ. ಒಂದು ದಿನ ಅತ್ತೆ ಮೊರ ಹಿಡಿದುಕೊಂಡು ಹೊರಗೆ ಬಂದಳು. ನಮ್ಮಲ್ಲಿ ಹುಡುಗಿಗೆ ‘ಪುಳ್ಳೆ’ ಎನ್ನುತ್ತಾರೆ.

“ಅದೇನ್ ಪುಳ್ಳೆ ಅದು, ನೀಡಿತ್ತ ವಳರ್ಚಿ?”

“ನಿಲ್ದೆ ಬೆಳೆಯೋದು ಅತ್ತೆ. ಮುಂದ್ಲವರ್ಗೂ ಉಳಿಯೋ ಹಂಗೆ.”

“ನಿಲ್ದೆ ಬೆಳೆಯೋದು ಹೊಟ್ಟ್ಯಾಗಿನ ಗೆಡ್ಡೆ ಒಂದೇ ಕಣೆ. ಅದನ್ನ ಡಾಕುಟ್ರು ಕೊಯ್ದು ಬಿಸಾಕ್ತಾರೆ. ನಿಮ್ಮೋರು ಅದನ್ನ ಪಾಟ ಮಾಡ್ಕಂಡವ್ರಾ?”

ಆಗ ನಾನು ನಿರ್ದೇಶಕ ಯಾರೆಂದು ಹೇಳಿದೆ. ಅತ್ತೆ ಮೊರ ಕೆಳಗಿಟ್ಟಳು. “ಅವನಾ? ಪಟ್ಟುಸೀರೆ ಅವನಾ? ತೈಲಮರದವನೂ ಅವನೇನಾ?” ಎಂದಳು. ಅವಳ ಮುಖ ಕೆಂಪಾದದ್ದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಅಪ್ಪ ಮಾತ್ರ, “ಎಷ್ಟ್ ದೊಡ್ಡ ಆಳಾಗ್ಬಿಟ್ಟವ್ರೆ ನೋಡು,” ಎಂದು ಅಭಿಮಾನದಿಂದ ತಲೆದೂಗಿದ. ತನ್ನ ಸಂಬಂಧಿಕನೇ ಕಲೆಕ್ಟರ್ ಆದನೇನೋ ಅನ್ನುವ ಹಾಗಿತ್ತು.

ಆ ವರ್ಷ ಹಣ ಕೊಡುವ ಹೊರದೇಶದ ಸಂಸ್ಥೆಯಿಂದ ಒಬ್ಬ ಹೆಂಗಸು ಕೆಲಸ ನೋಡಲು ಬರುವುದಿತ್ತು. ತೋರಿಸಲು ಒಬ್ಬ ಮಾದರಿ ರೈತ ಬೇಕಿತ್ತು. ನಿರ್ದೇಶಕ ನನ್ನನ್ನು ಕರೆದು ನಿಮ್ಮ ತಂದೆಗೆ ದ್ರಾಕ್ಷಿ ತೋಟ ಇದೆಯಲ್ಲ ಎಂದ. ಅಪ್ಪ ಬೈದು ಓಡಿಸಲಾರ, ಆದರೆ ಅತ್ತೆ ಓಡಿಸುತ್ತಾಳೆ ಎಂಬ ನಂಬಿಕೆಯಲ್ಲಿ ನಾನು ಹೂಂ ಎಂದೆ.

ಅಪ್ಪನ ತೋಟ ಮಾದರಿ ಎಂದರೆ ನಗು ಬರುತ್ತದೆ. ನಮ್ಮ ಪನ್ನೀರು ದ್ರಾಕ್ಷಿಗೆ ಬೂದಿ ರೋಗ ಬರುತ್ತದೆಂದು ಒಂದು ಮದ್ದು, ಬರದಿರಲಿ ಎಂದು ಇನ್ನೊಂದು, ಪಕ್ಕದ ತೋಟದವನು ಹೊಡೆದನೆಂದು ಮತ್ತೊಂದು. ಕಣಿವೆಯಲ್ಲಿ ಎಲ್ಲರದೂ ಇದೇ ಕಥೆ. ಮದ್ದು ಹೊಡೆದ ದಿನ ಚಪ್ಪರದ ಕೆಳಗೆ ನಡೆದರೆ ಗಂಟಲು ಕೆರೆಯುತ್ತಿತ್ತು. ಅಂಥ ತೋಟಕ್ಕೆ ಬತ್ತಲಗುಂಡಿನಿಂದ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರೆಹುಳು ಬಂದವು. ಪಂಪ್‌ಸೆಟ್ ಮನೆಯ ಹಿಂದೆ ಗುಂಡಿ ತೋಡಿದರು. ಅಪ್ಪ ಮದ್ದಿನ ಡಬ್ಬಗಳನ್ನೂ ಬೆನ್ನಿಗೆ ಕಟ್ಟುವ ಸ್ಪ್ರೇಯರನ್ನೂ ಹುಲ್ಲಿನ ಮೆದೆಯೊಳಗೆ ತುರುಕಿ, ಚಪ್ಪರದ ಕಂಬಗಳಿಗೆ ಬೇವಿನ ಸೊಪ್ಪು ಕಟ್ಟಿದ. ಮದುವೆ ಮನೆಯ ಸಡಗರ. ಎಂದೋ ತಾನೇ ಹಳ್ಳಕ್ಕೆ ಸುರಿದ ಸೆಗಣಿಯನ್ನು ಈಗ ಪಕ್ಕದ ಮನೆಯವರಿಂದ ಬುಟ್ಟಿಯಲ್ಲಿ ಕಡ ತಂದು ಗುಂಡಿಗೆ ಸುರಿಯುತ್ತಿದ್ದ.

“ಮೊನ್ನೆ ತಾನೆ ಮರುಂದು ಹೊಡ್ದಿದ್ದೀಯಲ್ಲಾ ತಮ್ಮಾ,” ಎಂದಳು ಅತ್ತೆ.

“ವೆಳ್ಳಕ್ಕಾರಮ್ಮ ನೋಡೂಕೆ ಬರ್ತಾಳೆ ಅಕ್ಕಾ, ಮೂಸೂಕೆ ಅಲ್ಲ,” ಎಂದ ಅಪ್ಪ.

ಬಿಳಿಯ ಹೆಂಗಸು ಬಂದಳು. ಎತ್ತರದ ಆಳು, ಹತ್ತಿಯ ಸಲ್ವಾರು, ಬಿಸಿಲಿಗೆ ಕೆಂಪಾದ ಮೂಗು. ಒಳ್ಳೆಯವಳೇ. ಚಪ್ಪರದ ಕೆಳಗೆ ಜಮಖಾನ ಹಾಸಿ ಊರಿನವರನ್ನು ಕೂರಿಸಿದ್ದರು. ನಿರ್ದೇಶಕ ಎದ್ದು ಸ್ಟಾಕ್‌ಹೋಮಿನಿಂದ ಶುರು ಮಾಡಿ ರಿಯೊ ತನಕ ಬಂದು, ಆ ವಿಚಾರದ ನದಿ ಈಗ ಹನುಮಂತನಪಟ್ಟಿಗೆ ಹರಿದು ಬಂದಿದೆ ಎಂದ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ ಅನ್ನುವಷ್ಟರಲ್ಲಿ ಹಿಂದಿನಿಂದ ಅತ್ತೆ ಎದ್ದು ನಿಂತಳು.

“ಕಣ್ಣ್ ಮುಚ್ಚಿ ಮುಚ್ಚಿ ಸಾಕಾಯ್ತು ಸಾರ್,” ಎಂದಳು, ತಮಿಳೂ ಕನ್ನಡವೂ ಕಲೆಸಿ. “ಅವತ್ತು ಉರ ತಂದು ಸೆಗಣಿ ಬ್ಯಾಡ ಅಂದೆ. ಆಮೇಲೆ ತೈಲಮರ ತಂದು ಮೇಕೆ ಬ್ಯಾಡ ಅಂದೆ. ಈಗ ಹುಳ ತಂದು ಸೆಗಣಿ ಬೇಕು ಅಂತೀಯ. ನೀ ಬಂದ್ ಬಂದ್ ಹೋದಾಗೆಲ್ಲಾ ನಮ್ದು ಒಂದೊಂದು ಹೋಗ್ತದೆ. ಈ ಸಲ ಏನ್ ತಗಂಡು ಹೋಗೂಕೆ ಬಂದಿದ್ದೀಯ, ಅದನ್ನ ಮೊದ್ಲೇ ಸೊಲ್ಲು.”

ಬಿಳಿಯವಳು ನನ್ನ ಕಡೆ ನೋಡಿದಳು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ. ಹೇಳುತ್ತ ನಿರ್ದೇಶಕನ ಮುಖವನ್ನೇ ನೋಡುತ್ತಿದ್ದೆ. ಅದು ಬಿಳುಚುತ್ತದೆ ಎಂದು ಕಾದೆ. ಅದು ಅರಳಿತು! ಅವನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡು ಬಿಳಿಯವಳ ಕಡೆ ತಿರುಗಿದ. “ನೋಡಿ, ಈ ತಾಯಿ ಇಡೀ ಚರಿತ್ರೆಗೆ ಸಾಕ್ಷಿ. ಲೋಕ ಕಲಿಯುತ್ತ ಬಂದಿದೆ, ಅದರ ಜೊತೆಗೆ ನಾನೂ ಕಲಿಯುತ್ತ ಬಂದಿದ್ದೇನೆ. ಇಂಥವರು ನಮ್ಮನ್ನು ಬೈಯುವಷ್ಟು ಧೈರ್ಯ ತಂದುಕೊಂಡಿದ್ದಾರಲ್ಲ, ಅದೇ ನಮ್ಮ ಕೆಲಸದ ಫಲ,” ಎಂದ. ಬಿಳಿಯವಳ ಕಣ್ಣು ಒದ್ದೆಯಾಯಿತು. ಅವಳು ಚಪ್ಪಾಳೆ ತಟ್ಟಿದಳು, ಅವಳನ್ನು ನೋಡಿ ಊರೂ ತಟ್ಟಿತು. ಅತ್ತೆ ಕೈ ಬಿಡಿಸಿಕೊಂಡು, “ಇವನ್ಗೆ ಏನ್ ಆಗ್ಯದೆ?” ಎಂದು ನನ್ನನ್ನು ಕೇಳಿದಳು. ಅದನ್ನು ಅನುವಾದಿಸುವ ಮೊದಲೇ ಅಪ್ಪ ಎದ್ದಿದ್ದ.

“ಅಕ್ಕಾ, ಕುಂತ್ಕೋ. ನಿಂಗೆ ತಿಳೀದು,” ಎಂದು, ಕೈಕಟ್ಟಿ ನಿಂತು ಶುರು ಮಾಡಿದ. ಸ್ಟಾಕ್‌ಹೋಮ್. ಹೊಗೆಯವರು, ಹೊಟ್ಟೆಯವರು. ವರದಿ. ರಿಯೊ. ಇಸವಿಗಳ ಸಮೇತ, ನಾನು ಜಗುಲಿಯಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು ತೆಗೆದುಕೊಳ್ಳುತ್ತ, ನನ್ನ ಪಾಠವನ್ನು ಪೂರ್ತಿ ಒಪ್ಪಿಸಿದ. ಎಲೆ ಅಡಿಕೆ ಮೆಲ್ಲುತ್ತ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಶಾಲೆಯ ಕಟ್ಟೆ ಹತ್ತದ ನನ್ನ ಅಪ್ಪ ಹಾಗೆ ನಿಂತದ್ದನ್ನು ನೋಡಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಬಿಳಿಯವಳಿಗೆ ಸ್ವರ್ಗವೇ ಸಿಕ್ಕ ಹಾಗಾಯಿತು.

ಆ ಸಂಭ್ರಮದಲ್ಲಿ ಅವಳು ಎದ್ದು ನಿಂತು, ತಲೆಯ ಮೇಲೆ ತೂಗುತ್ತಿದ್ದ ಗೊಂಚಲಿಗೆ ಕೈ ಚಾಚಿದಳು. ಎತ್ತರದವಳಾದ್ದರಿಂದ ಸಲೀಸಾಗಿ ಎಟುಕಿತು. ಒಂದು ಹಣ್ಣು ಕಿತ್ತು ಬಾಯಿಯ ಹತ್ತಿರ ತಂದಳು.

“ಅಯ್ಯಯ್ಯೋ, ವೇಂಡಾಂ! ವೇಂಡಾಂ!” ಎಂದು ಅಪ್ಪ ಹಾರಿ ಅವಳ ಕೈಯಿಂದ ಹಣ್ಣನ್ನು ಹೊಡೆದು ಬೀಳಿಸಿದ. ಬಿಳಿಯವಳು ದಂಗಾಗಿ ನಿಂತಳು. ನಿರ್ದೇಶಕ ಒಂದು ಕ್ಷಣ ಹುಲ್ಲಿನ ಮೆದೆಯ ಕಡೆ ನೋಡಿ, ಅಷ್ಟೇ ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿದ: “ಕ್ಷಮಿಸಬೇಕು. ಈ ಜನರಲ್ಲಿ ಒಂದು ಸಂಪ್ರದಾಯವಿದೆ. ಭೂಮಿತಾಯಿಗೆ ಮೊದಲ ಪಾಲು ಅರ್ಪಿಸುವ ತನಕ ಅತಿಥಿಯೂ ಹಣ್ಣು ಮುಟ್ಟುವಂತಿಲ್ಲ.”

ಬಿಳಿಯವಳು ನಾಚಿ, ಬಿದ್ದ ಹಣ್ಣನ್ನು ಎತ್ತಿ ಬಳ್ಳಿಯ ಬುಡದಲ್ಲಿಟ್ಟು, ಕೈಮುಗಿದಳು. ಊರಿನವರಿಗೆ ಏನೊಂದೂ ಅರ್ಥವಾಗಲಿಲ್ಲ. ಆದರೂ ದೊಡ್ಡವರು ಮುಗಿದರೆಂದು ಅವರೂ ಬಳ್ಳಿಗೆ ಕೈಮುಗಿದರು. ಅತ್ತೆ ಒಬ್ಬಳೇ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ನಡೆದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಿಸಲಿಲ್ಲ.

ವಾಪಸು ಹೋಗುವಾಗ ಜೀಪಿನಲ್ಲಿ ನಾನು ಬಿಳಿಯವಳ ಪಕ್ಕ ಕೂತಿದ್ದೆ. ನಿರ್ದೇಶಕ ಮುಂದೆ ಕೂತು ನಿದ್ದೆ ಹೋಗಿದ್ದ. ನಾನು ನೇರವಾಗಿ ಹೇಳಿಬಿಟ್ಟೆ: ಭೂಮಿತಾಯಿಯೂ ಇಲ್ಲ, ಸಂಪ್ರದಾಯವೂ ಇಲ್ಲ. ಆ ಹಣ್ಣಿಗೆ ವಿಷ ಹೊಡೆದಿದೆ, ನನ್ನಪ್ಪ ನಿಮ್ಮ ಜೀವಕ್ಕೆ ಹೆದರಿ ಹಾಗೆ ಮಾಡಿದ. ಅವಳು ಬೆಚ್ಚುತ್ತಾಳೆ, ಜೀಪು ನಿಲ್ಲಿಸುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈ ತಟ್ಟಿದಳು. ಪರಿವರ್ತನೆಗೆ ಕಾಲ ಹಿಡಿಯುತ್ತದೆ, ನಿಮ್ಮ ತಂದೆ ಈಗ ನಡುವಿನ ಹಂತದಲ್ಲಿದ್ದಾರೆ, ಅದಕ್ಕೇ ನಮ್ಮ ನೆರವು ಮುಂದುವರಿಯಬೇಕು ಎಂದಳು. ವಿಷಕ್ಕೂ ಅವರ ಹತ್ತಿರ ಒಂದು ಹೆಸರಿತ್ತು. ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಕೈಗೂ ನೋವಿಲ್ಲ, ಮೂಟೆಗೂ ನೋವಿಲ್ಲ.

ಮರುವಾರ ನಿರ್ದೇಶಕನ ಕೋಣೆಗೆ ಹೋಗಿ ಕೆಲಸ ಬಿಡುತ್ತೇನೆ ಎಂದೆ. ಯಾಕೆಂದು ಕೇಳಿದ.

“ಸಾರ್, ನೀವು ಜೀವನಪೂರ್ತಿ ಒಂದು ತಪ್ಪನ್ನು ಮಾಡಿ, ಅದನ್ನು ತಿದ್ದುವುದಕ್ಕೆ ಇನ್ನೊಂದನ್ನು ಮಾಡುತ್ತ ಬಂದಿದ್ದೀರಿ. ಒಂದು ದಿನವಾದರೂ ನಿಮಗೆ ನಾಚಿಕೆಯಾಗಿದೆಯಾ?”

ಅವನಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಜುಬ್ಬಾದ ಅಂಚಿಗೆ ಒರೆಸಿಕೊಂಡ. “ಆಗ ಲೋಕವೆಲ್ಲ ಅದೇ ಸರಿ ಅಂದಿತು ಅಮ್ಮಾ. ಈಗ ಲೋಕವೆಲ್ಲ ಇದು ಸರಿ ಅನ್ನುತ್ತಿದೆ. ಲೋಕವೇ ತಪ್ಪಿದರೆ ನಾನೊಬ್ಬ ಸರಿ ಇರಲು ಆಗುತ್ತದಾ?” ಎಂದ. “ನೀವು ಹೋಗುವುದು ನಷ್ಟವೇ. ಹೊಸ ಪಟಗಳು ಬರುತ್ತಿವೆ,” ಎಂದು ಮೇಜಿನ ಮೇಲಿದ್ದ ಸುರುಳಿ ಬಿಚ್ಚಿ ತೋರಿಸಿದ. ಜಪಾನಿನ ಕ್ಯೋಟೊ ಎಂಬ ಊರಿನಲ್ಲಿ ದೇಶಗಳು ಆಗಷ್ಟೇ ಸೇರಿ ಯಾರು ಎಷ್ಟು ಹೊಗೆ ಬಿಡಬಹುದೆಂದು ಚೌಕಾಸಿ ಮಾಡಿದ್ದವು. ಪಟದ ಮೂಲೆಯಲ್ಲಿ ಸಸಿ ಇರಲಿಲ್ಲ. ಬದಲಿಗೆ ಬೆವರುವ ಭೂಮಿಯ ಗೋಳ.

ನಾನು ಉತ್ತಮಪಾಳ್ಯದ ಶಾಲೆಯೊಂದರಲ್ಲಿ ಮೇಡಂ ಆಗಿ ಸೇರಿದೆ. ಅಪ್ಪ ನನ್ನ ಜಾಗಕ್ಕೆ ಏರಿದ. ದಿಂಡಿಗಲ್‌ನಲ್ಲಿ ಮಾತಾಡಿಸಿದರು, ಆಮೇಲೆ ದೆಹಲಿಗೇ ಕರೆದುಕೊಂಡು ಹೋದರು. ಅಲ್ಲಿಂದ ಕೊರಳಿಗೆ ಹಾಕುವ ಹೆಸರಿನ ಬಿಲ್ಲೆಯೊಂದನ್ನು ತಂದು, ಅದನ್ನು ಹಾಕಿಕೊಂಡೇ ದೇವಸ್ಥಾನಕ್ಕೆ ಹೋದ. ಬೆಳಗ್ಗೆ ಮದ್ದು ಹೊಡೆದು, ಸ್ನಾನ ಮಾಡಿ, ಹತ್ತು ಗಂಟೆಯ ಜೀಪಿಗೆ ಬಿಳಿ ಪಂಚೆ ಉಟ್ಟು ಕಾಯುತ್ತಿದ್ದ. ನನಗೆ ಅವನ ಮುಖ ನೋಡುವುದೇ ಕಷ್ಟವಾಗಿತ್ತು. ಒಂದು ಸಲ, “ನಿಂಗೆ ಮಾನ ಅನ್ನೋದು ಇಲ್ವಾ ಅಪ್ಪಾ?” ಎಂದು ಕೇಳಿದೆ. “ನಾಕ್ ಜನ ಕೂರ್ಸಿ ಕೇಳ್ತಾರಲ್ಲಾ ಪುಳ್ಳೆ. ನಿಂಗೇನ್ ತಿಳೀತದೆ,” ಎಂದ.

ಆಮೇಲೆ ಜೀಪು ಬರುವುದು ನಿಂತಿತು. ಸಂಸ್ಥೆ ಹುಳು ಬಿಟ್ಟು ಹೊಗೆ ಹಿಡಿದಿತ್ತು. ಅದಕ್ಕೆ ಬೇಕಾದವರು ಹೊಗೆ ಹೀರುವ ಮರಗಳಿದ್ದ, ಬೆಟ್ಟದ ಮೇಲಿನ ಕಾಫಿ ತೋಟದವರು. ಅಪ್ಪನಿಗೆ ಯಾರೂ ಹೇಳಲಿಲ್ಲ. ಅವನು ಒಂದಷ್ಟು ತಿಂಗಳು ಪಂಚೆ ಒಗೆಸಿಟ್ಟುಕೊಂಡು ಕಾದ. ಕೊನೆಗೆ ಒಂದು ಬೆಳಗ್ಗೆ ಒಂದು ಬುಟ್ಟಿ ದ್ರಾಕ್ಷಿ ಹಿಡಿದುಕೊಂಡು ತಾನೇ ಬತ್ತಲಗುಂಡಿನ ಬಸ್ಸು ಹತ್ತಿದ. ಆ ಬುಟ್ಟಿಯ ಹಣ್ಣಿಗೆ ಮದ್ದು ಹೊಡೆದಿರಲಿಲ್ಲ. ಅದಕ್ಕೆಂದೇ ಒಂದು ಬಳ್ಳಿಯನ್ನು ಬೇರೆ ಇಟ್ಟಿದ್ದನೆಂದು ಅತ್ತೆ ನನಗೆ ಆಮೇಲೆ ಹೇಳಿದಳು.

ಸಂಜೆ ವಾಪಸು ಬಂದ. ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಬುಟ್ಟಿ ಇರಲಿಲ್ಲ. ಏನಾಯಿತೆಂದು ಅತ್ತೆ ಕೇಳಿದಳು.

“ಬಾಗ್ಲಲ್ಲಿ ಕುಂತಿದ್ದೆ. ಸಾರ್ ಬಂದ್ರು. ವಣಕ್ಕಂ ಅಂದೆ. ಯಾವೂರಪ್ಪಾ ಅಂದ್ರು. ಹೇಳ್ದೆ. ಒಳ್ಳೇ ಊರು, ಒಂದ್ಸಲ ಬಂದು ನೋಡ್ಬೇಕು ಅಂದ್ರು. ಹಣ್ಣ್ ಇಸ್ಕಂಡು ಕಾರ್ ಹತ್ತಿದ್ರು.”

ಅತ್ತೆಯ ನಾಲಿಗೆಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಆದರೆ ಅವಳು ಒಳಗೆ ಹೋಗಿ ತಟ್ಟೆ ಹಾಕಿ, “ಬಾ ತಮ್ಮಾ, ಉಣ್ಣು. ಬಿಸಿ ಆರೋಗ್ತದೆ,” ಎಂದಳು. ಅಪ್ಪ ಕೂತು ತಲೆ ಎತ್ತದೆ ಉಂಡ. ಬಸ್ಸಿನಲ್ಲಿ ಬಹಳ ಜನ, ದೇವದಾನಪಟ್ಟಿಯ ತನಕ ನಿಂತೇ ಬಂದೆ ಎಂದ. ನಾನು ಅವನ ತಟ್ಟೆಗೆ ಮಜ್ಜಿಗೆ ಬಡಿಸಿದೆ. ಅಪ್ಪನ ಬಗ್ಗೆ ನನಗಿದ್ದ ತಿರಸ್ಕಾರ ಆವತ್ತು ಹೋಯಿತು. ಉಳಿದವರ ಬಗ್ಗೆ ಇದ್ದದ್ದು ಹಾಗೇ ಇದೆ. ಅದನ್ನು ಕಳೆದುಕೊಳ್ಳಲು ನನಗೆ ಕಾರಣ ಸಿಕ್ಕಿಲ್ಲ.